ಕಾರಿಗೆ ಸಣ್ಣ ಗುದ್ದಾದ ಮೇಲೆ ಬರುವ ‘ಕ್ಲೇಮ್’ ಕರೆಗಳು: ಬ್ರಿಟನ್ನಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಬಂಪರ್ ತಾಗಿರುತ್ತದೆ, ಇಲ್ಲವೇ ರೌಂಡ್‌ಅಬೌಟಿನ ಬಾಯಲ್ಲಿ ಹಿಂದಿನ ಕಾರು ಮೆಲ್ಲಗೆ ಗುದ್ದಿರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಫೋನ್ ಶುರು: ‘ನಿಮಗೆ ಅಪಘಾತವಾಯಿತಂತೆ, ಪರಿಹಾರದ ಹಣ ನಿಮಗಾಗಿ ಕಾದಿದೆ.’ ಇಂಥ ಕರೆಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಕಾನೂನಿನ ವಿವರ ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸಿಗೆ ಸೇರಿದ್ದು. ಸ್ಕಾಟ್ಲೆಂಡಿನವರಿಗೆ ಕೊನೆಯ ಭಾಗದಲ್ಲಿ ಒಂದು ಉತ್ತರವಿದೆ.

## ಮೊದಲು ಎಲ್ಲರೂ ಕೇಳುವುದು

ಯಾರಿಗೂ ಏನೂ ಆಗಿಲ್ಲ, ಬಂಪರ್ ಮೇಲೆ ಒಂದು ಗೀರು ಅಷ್ಟೇ. ಆದರೂ ದಿನಾ ಫೋನ್ ಮಾಡ್ತಾರಲ್ಲ, ಅವರಿಗೇನು ಲಾಭ?

ಅವರಿಗೆ ಬೇಕಾಗಿರುವುದು ಕಾರಿನ ಗೀರಲ್ಲ, ನಿಮ್ಮ ಕತ್ತು. ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಜಗ್ಗಿ ಕತ್ತಿನ ಸ್ನಾಯು ಉಳುಕುವುದಕ್ಕೆ ವಿಪ್‌ಲ್ಯಾಶ್ ಎನ್ನುತ್ತಾರೆ. ಇದು ಎಕ್ಸ್‌ರೇಯಲ್ಲಿ ಕಾಣಿಸದು. ಬಹುಪಾಲು ನೋವು ಇದ್ದವರ ಮಾತಿನ ಮೇಲೆಯೇ ನಿಲ್ಲುವ ಗಾಯವಾದ್ದರಿಂದ ಇದರ ಸುತ್ತ ಒಂದು ವ್ಯಾಪಾರವೇ ಬೆಳೆಯಿತು. ಕರೆ ಮಾಡುವವರು ಹೆಚ್ಚಾಗಿ ವಕೀಲರಲ್ಲ. ‘ಹೌದು, ಅಪಘಾತವಾಗಿತ್ತು, ಹೌದು, ನೋವಿದೆ’ ಎಂಬ ಎರಡು ಮಾತು ಹೊರಡಿಸಿ, ಆ ವಿವರವನ್ನು ಮುಂದಿನವರಿಗೆ ಮಾರುವ ದಲ್ಲಾಳಿಗಳು. ಗಾಯದ ಪ್ರಕರಣ ತಂದುಕೊಟ್ಟವರಿಗೆ ವಕೀಲರು ಕಮಿಷನ್ ಕೊಡುವುದನ್ನು 2013ರ ಏಪ್ರಿಲ್ 1ರಿಂದಲೇ ನಿಷೇಧಿಸಲಾಗಿದೆ. ಆದರೂ ಬಾಡಿಗೆ ಕಾರು, ದುರಸ್ತಿ, ಕಾರು ಎಳೆದೊಯ್ದು ಇರಿಸಿಕೊಳ್ಳುವ ಬಾಡಿಗೆ, ಹೀಗೆ ಹಣ ಹುಟ್ಟುವ ಬೇರೆ ದಾರಿಗಳು ಉಳಿದಿವೆ.

ನನ್ನ ನಂಬರ್ ಅವರಿಗೆ ಹೇಗೆ ಸಿಕ್ತು?

ಕರೆ ಮಾಡಿದವರಿಗೆ ಎಷ್ಟು ಗೊತ್ತಿದೆ ಎಂಬುದನ್ನು ಗಮನಿಸಿ. ಮೂಲ ಅಲ್ಲೇ ತಿಳಿಯುತ್ತದೆ.

‘ಕಳೆದ 3 ವರ್ಷಗಳಲ್ಲಿ ನಿಮ್ಮದಲ್ಲದ ತಪ್ಪಿಗೆ ಅಪಘಾತವಾಗಿತ್ತಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಗೊತ್ತಿಲ್ಲ. ಗಾಳ ಹಾಕಿದ್ದಾರೆ, ಅಷ್ಟೇ. ಗಾಯದ ಪರಿಹಾರಕ್ಕೆ ನ್ಯಾಯಾಲಯಕ್ಕೆ ಹೋಗಲು ಕಾನೂನು ಕೊಟ್ಟಿರುವ ಅವಧಿ 3 ವರ್ಷ. ಆ ‘3 ವರ್ಷ’ ಬಂದಿರುವುದು ಅಲ್ಲಿಂದ. ಕಾರೇ ಇಲ್ಲದವರಿಗೂ ಈ ಕರೆ ಬರುತ್ತದೆ. ನಿಮಗೆ ಮೊನ್ನೆಯಷ್ಟೇ ಗುದ್ದಾಗಿದ್ದರೆ ಕಾಕತಾಳೀಯವೇ ಸುಳಿವಿನಂತೆ ಕಾಣುತ್ತದೆ.

ದಿನಾಂಕ, ಕಾರಿನ ನಂಬರ್, ಎದುರಿನವರ ಹೆಸರು ಹೇಳಿದರೆ ಮಾತು ಬೇರೆ. ಆ ವಿವರ ಎಲ್ಲಿಂದಲೋ ಹೊರಬಿದ್ದಿದೆ. ಕಾರು ಎಳೆದೊಯ್ದವರು, ದುರಸ್ತಿ ಗ್ಯಾರೇಜು, ಬಾಡಿಗೆ ಕಾರಿನ ಕಚೇರಿ, ಯಾವುದೋ ವಿಮಾ ಕಂಪನಿಯ ನೌಕರ, ಯಾರೂ ಆಗಿರಬಹುದು. ಇದು ಬರೀ ಅನುಮಾನವಲ್ಲ: 2018ರ ನವೆಂಬರಿನಲ್ಲಿ, ಸಹೋದ್ಯೋಗಿಗಳ ಲಾಗಿನ್ ಬಳಸಿ ಗ್ರಾಹಕರ ವಿವರಗಳಿಗೆ ಕೈಹಾಕಿದ್ದ ಕಾರು ದುರಸ್ತಿ ಕಂಪನಿಯ ನೌಕರನೊಬ್ಬನಿಗೆ 6 ತಿಂಗಳ ಜೈಲಾಯಿತು. ಆ ಮೊಕದ್ದಮೆ ಹೂಡಿದ್ದು ಮಾಹಿತಿ ಆಯುಕ್ತರ ಕಚೇರಿ, ಅಂದರೆ ಐಸಿಒ.

ಇವೆರಡರ ನಡುವೆ ಮೂರನೆಯದೊಂದಿದೆ: ವಿಮೆಯ ಬೆಲೆ ಹೋಲಿಸುವ ತಾಣದಲ್ಲೋ ಬಹುಮಾನದ ಸ್ಪರ್ಧೆಯಲ್ಲೋ ‘ನಮ್ಮ ಪಾಲುದಾರರು ಸಂಪರ್ಕಿಸಬಹುದು’ ಎಂಬ ಚೌಕಕ್ಕೆ ನಾವೇ ಗುರುತು ಹಾಕಿರುವುದು.

ಹೀಗೆ ಕರೆ ಮಾಡೋದು ಕಾನೂನುಬದ್ಧವಾ?

ನೀವು ಆ ಕಂಪನಿಗೇ ಮೊದಲು ಒಪ್ಪಿಗೆ ಕೊಟ್ಟಿರದಿದ್ದರೆ, ಅಲ್ಲ. ಕ್ಲೇಮ್ ಸೇವೆ ಮಾರುವ ಕರೆಗೆ ಮುಂಚಿತ ಒಪ್ಪಿಗೆ ಬೇಕೇ ಬೇಕು ಎಂಬ ನಿಯಮ 2018ರ ಸೆಪ್ಟೆಂಬರ್ 8ರಿಂದ ಇಡೀ ಯುಕೆಯಲ್ಲಿ ಜಾರಿಯಲ್ಲಿದೆ. ರೆಕಾರ್ಡ್ ಮಾಡಿದ ಧ್ವನಿಯ ಮಾರಾಟದ ಕರೆಗೂ ಎಸ್ಸೆಮ್ಮೆಸ್ಸಿಗೂ ಒಪ್ಪಿಗೆಯ ನಿಯಮ ಅದಕ್ಕೂ ಹಿಂದಿನದು. ಮಾರಾಟದ ಕರೆಯಲ್ಲಿ ನಂಬರ್ ಮುಚ್ಚಿಡುವುದೂ ತಪ್ಪು. ಅಪರಿಚಿತರಿಗೆ ತಾವಾಗಿ ಫೋನ್ ಮಾಡಿ ಕಕ್ಷಿದಾರರನ್ನು ಹಿಡಿಯಲು ಸಾಲಿಸಿಟರುಗಳಿಗೆ ಅವರದೇ ವೃತ್ತಿ ನಿಯಮ ಬಿಡುವುದಿಲ್ಲ. ಹಾಗಾಗಿ ‘ನಾವು ಸಾಲಿಸಿಟರ್ ಆಫೀಸಿನಿಂದ’ ಎಂದು ಶುರುವಾಗುವ ಅಪರಿಚಿತ ಕರೆ ಒಂದೋ ಸುಳ್ಳು, ಇಲ್ಲವೇ ನಿಯಮ ಮುರಿದದ್ದು.

ಫೋನ್ ಎತ್ತಿಬಿಟ್ಟೆ. ಈಗ ಏನು ಹೇಳಲಿ?

ಕಡಿಮೆ ಹೇಳಿ. ‘ಯಾವ ಕಂಪನಿ? ನನ್ನ ನಂಬರ್ ಎಲ್ಲಿಂದ ಬಂತು?’ ಎಂಬ ಎರಡೇ ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಆಮೇಲೆ ‘ನನಗೆ ಕರೆ ಮಾಡಲು ಒಪ್ಪಿಗೆ ಕೊಟ್ಟಿಲ್ಲ, ಪಟ್ಟಿಯಿಂದ ತೆಗೆಯಿರಿ’ ಎಂದು ಇಟ್ಟುಬಿಡಿ.

ಹೇಳಬಾರದ್ದು ಇಷ್ಟು: ಅಪಘಾತವಾಗಿದೆ ಎಂದು ಖಚಿತಪಡಿಸುವ ಮಾತು, ದಿನಾಂಕ, ಕಾರಿನ ನಂಬರ್, ವಿಮಾ ಕಂಪನಿಯ ಹೆಸರು, ಕಾರಿನಲ್ಲಿ ಎಷ್ಟು ಜನರಿದ್ದರು ಎಂಬುದು, ಹುಟ್ಟಿದ ದಿನ, ನ್ಯಾಷನಲ್ ಇನ್ಶೂರೆನ್ಸ್ ನಂಬರ್. ಎಲ್ಲಕ್ಕಿಂತ ಅಪಾಯದ್ದು ‘ಏನಿಲ್ಲ, ಬೆಳಿಗ್ಗೆ ಸ್ವಲ್ಪ ಕತ್ತು ಹಿಡಿದಂಗಿತ್ತು’ ಎಂಬ ಸೌಜನ್ಯದ ಮಾತು. ಅವರ ಪುಸ್ತಕದಲ್ಲಿ ಅದು ಗಾಯ. ಮಾರಲು ಸಿದ್ಧವಾದ ವಿವರ.

‘ಯೆಸ್’ ಎಂಬ ಒಂದೇ ಪದ ರೆಕಾರ್ಡ್ ಆದರೆ ಒಪ್ಪಂದವೇ ಆಗಿಬಿಡುತ್ತದೆ ಎಂದು ಕೆಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಆದರೆ ನೀವು ಮಾತಾಡುವಷ್ಟು ಹೊತ್ತೂ ‘ಈ ನಂಬರಿನಲ್ಲಿ ಮನುಷ್ಯರಿದ್ದಾರೆ, ಉತ್ತರ ಕೊಡುತ್ತಾರೆ’ ಎಂಬ ಗುರುತು ಬಲವಾಗುತ್ತದೆ. ಬೈಯುವುದೂ ಅಷ್ಟೇ; ಬೈಗುಳವೂ ಉತ್ತರವೇ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ನಾವು ಕೆಲಸಕ್ಕೆ ಹೋದಾಗ ಮನೆ ಫೋನ್ ಅವರೇ ಎತ್ತುತ್ತಾರೆ. ಏನು ಹೇಳಿಕೊಡಲಿ?

ಹಿರಿಯರಿಗೆ ಫೋನ್ ಮಾಡಿದವರ ಮೇಲೆ ಇಟ್ಟುಬಿಡುವುದು ಮರ್ಯಾದೆಯಲ್ಲ ಅನ್ನಿಸುತ್ತದೆ. ಕರೆ ಮಾಡುವವರಿಗೆ ಬೇಕಾದದ್ದೂ ಆ ಸಂಕೋಚವೇ. ಇಲ್ಲಿ ಇಟ್ಟರೆ ಯಾರಿಗೂ ಅವಮಾನವಿಲ್ಲ ಎಂದು ಮೊದಲು ಬಿಡಿಸಿ ಹೇಳಿ. ಒಂದೇ ಸಾಲು ಕನ್ನಡ ಲಿಪಿಯಲ್ಲೇ ಬರೆದು ಫೋನಿನ ಪಕ್ಕ ಅಂಟಿಸಿ: ‘ನೋ ಥ್ಯಾಂಕ್ಯೂ. ಡೋಂಟ್ ಕಾಲ್ ಅಗೇನ್.’ ಹೇಳಿ ಇಟ್ಟುಬಿಡಲಿ. ಮಗನ ಹೆಸರು, ಮಗಳು ಮನೆಗೆ ಬರುವ ಹೊತ್ತು, ‘ಹೌದು, ನಾನೂ ಕಾರಿನಲ್ಲಿದ್ದೆ’, ಇವು ಮೂರೂ ಬೇಡ. ಗುದ್ದಾದಾಗ ಅವರು ನಿಜವಾಗಿ ಕಾರಿನಲ್ಲಿದ್ದರೆ ಅವರೂ ಪ್ರಯಾಣಿಕರು, ಅವರ ಕತ್ತಿಗೂ ಬೆಲೆ ಕಟ್ಟುತ್ತಾರೆ. ಅದಕ್ಕೇ ಈ ಎಚ್ಚರ.

ನಿಜವಾಗಲೂ ನನ್ನ ವಿಮಾ ಕಂಪನಿಯಿಂದಲೇ ಕರೆ ಬಂದಿದ್ದರೆ? ಇಟ್ಟುಬಿಟ್ಟರೆ ತೊಂದರೆ ಆಗಲ್ವಾ?

ಆಗುವುದಿಲ್ಲ. ಕ್ಲೇಮ್ ರೆಫರೆನ್ಸ್ ನಂಬರ್ ಕೇಳಿ, ‘ನಾನೇ ಫೋನ್ ಮಾಡುತ್ತೇನೆ’ ಎಂದು ಇಡಿ. ಆಮೇಲೆ ವಿಮೆಯ ಸರ್ಟಿಫಿಕೇಟಿನಲ್ಲಿರುವ ನಂಬರಿಗೇ ಮಾಡಿ. ಕರೆ ಮಾಡಿದವರು ಕೊಟ್ಟ ನಂಬರಿಗೆ ಬೇಡ. ಪರದೆಯ ಮೇಲೆ ಕಂಪನಿಯ ಹೆಸರೇ ಬಂದರೂ ನಂಬಬೇಡಿ, ತೋರುವ ನಂಬರನ್ನು ನಕಲಿ ಮಾಡುವುದು ಸುಲಭ.

ಇನ್ನೊಂದು ನಿಜವಾದ ಕರೆಯೂ ಇದೆ. ತಪ್ಪು ಎದುರಿನವರದಾಗಿದ್ದರೆ ಅವರ ವಿಮಾ ಕಂಪನಿ ನಿಮಗೆ ನೇರವಾಗಿ ಫೋನ್ ಮಾಡಿ, ‘ನಿಮ್ಮ ಕಾರನ್ನು ನಾವೇ ರಿಪೇರಿ ಮಾಡಿಸಿಕೊಡುತ್ತೇವೆ, ಬದಲಿ ಕಾರು ಕೊಡುತ್ತೇವೆ’ ಎನ್ನಬಹುದು. ಇದು ಮೋಸವಲ್ಲ, ಅವರಿಗೂ ಖರ್ಚು ಕಡಿಮೆಯಾಗುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅವರ ಕಚೇರಿಯ ಅಧಿಕೃತ ನಂಬರಿಗೆ ನೀವೇ ಮಾಡಿ ಖಚಿತಪಡಿಸಿಕೊಳ್ಳಿ, ನಿಮ್ಮ ಕಂಪನಿಗೂ ಒಂದು ಮಾತು ತಿಳಿಸಿ.

## ಕರೆಗಳನ್ನು ನಿಲ್ಲಿಸುವುದು

ಟಿಪಿಎಸ್‌ನಲ್ಲಿ ನೋಂದಾಯಿಸಿ ಎರಡು ತಿಂಗಳಾಯ್ತು. ಕರೆ ನಿಂತಿಲ್ಲವಲ್ಲ?

ಟಿಪಿಎಸ್ ಎಂದರೆ ‘ನನಗೆ ಮಾರಾಟದ ಕರೆ ಬೇಡ’ ಎಂದವರ ಪಟ್ಟಿ. ನಿಯಮ ಪಾಲಿಸುವ ಕಂಪನಿಗಳು ಅದನ್ನು ನೋಡಿ ನಿಮ್ಮನ್ನು ಬಿಡುತ್ತವೆ. ಅದಕ್ಕೆ 28 ದಿನದವರೆಗೂ ಬೇಕಾಗಬಹುದು. ಕ್ಲೇಮ್ ಕರೆಗಳು ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ ಒಪ್ಪಿಗೆಯಿಲ್ಲದೆ ಬರುವಂತಿಲ್ಲ. ಅಂಥ ನಿಯಮವನ್ನೇ ಮುರಿದವರು ಪಟ್ಟಿ ನೋಡುತ್ತಾರೆಯೇ?

ಆದರೂ ನೋಂದಾಯಿಸಿ, ಉಳಿದ ಮಾರಾಟದ ಕರೆಗಳು ತಗ್ಗುತ್ತವೆ. ಮೊಬೈಲಾದರೆ ‘ಟಿಪಿಎಸ್’ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ನಿಮ್ಮ ಇಮೇಲ್ ವಿಳಾಸ ಬರೆದು 85095ಕ್ಕೆ ಕಳಿಸಿದರೆ ಆಯಿತು. ಇದು ಉಚಿತ. ‘ಟಿಪಿಎಸ್ ನವೀಕರಣಕ್ಕೆ ಹಣ ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸ.

ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ ಮಾಡ್ತಾರೆ. ಸಾಕಾಗಿ ಹೋಗಿದೆ.

ಅವರು ತೋರಿಸುವ ನಂಬರುಗಳು ಬಹಳ ಸಲ ನಕಲಿ. ನಿಮ್ಮೂರಿನ ಎಸ್‌ಟಿಡಿ ಕೋಡಿನಂತೆಯೇ ಕಾಣುವ ನಂಬರ್ ಬರುತ್ತದೆ, ಎತ್ತಲಿ ಎಂದು. ಒಂದೊಂದನ್ನೇ ಬ್ಲಾಕ್ ಮಾಡುವುದು ತೂತಿನ ಮಡಕೆಗೆ ನೀರು ತುಂಬಿದ ಹಾಗೆ. ಅದರ ಬದಲು ಫೋನಿನಲ್ಲಿರುವ ಸ್ಪ್ಯಾಮ್ ಗುರುತಿಸುವ ಸೌಲಭ್ಯ ಆನ್ ಮಾಡಿ. ಮನೆಯ ಲ್ಯಾಂಡ್‌ಲೈನಿಗೆ ಬಿಟಿಯವರು ಕಾಲ್ ಪ್ರೊಟೆಕ್ಟ್ ಎಂಬ ಸೇವೆಯನ್ನು ಉಚಿತವಾಗಿ ಕೊಡುತ್ತಾರೆ. ಬೇರೆ ಕಂಪನಿಯ ಸಂಪರ್ಕವಿದ್ದರೆ ಅವರಲ್ಲೂ ಇಂಥದ್ದಿದೆಯೇ ಎಂದು ಕೇಳಿ. ಹಿರಿಯರಿರುವ ಮನೆಗೆ ಕರೆ ತಡೆಯುವ ವ್ಯವಸ್ಥೆ ಒಳಗೇ ಇರುವ ಫೋನ್ ಕೊಂಡರೆ ಹಣ ಸಾರ್ಥಕ: ಪಟ್ಟಿಯಲ್ಲಿಲ್ಲದವರು ಮೊದಲು ತಮ್ಮ ಹೆಸರು ಹೇಳಬೇಕು, ಆಮೇಲಷ್ಟೇ ಗಂಟೆ ಹೊಡೆಯುತ್ತದೆ.

ಐಫೋನಿನಲ್ಲಿ ಅಪರಿಚಿತ ಕರೆಗಳನ್ನೆಲ್ಲ ಮೌನಗೊಳಿಸುವ ಆಯ್ಕೆಯಿದೆ. ಅದನ್ನು ಒತ್ತುವ ಮುಂಚೆ ಯೋಚಿಸಿ. ಇಲ್ಲಿನ ಜಿಪಿ ಕ್ಲಿನಿಕ್ಕು, ಆಸ್ಪತ್ರೆಗಳು ನಂಬರ್ ಕಾಣದಂತೆ ಕರೆ ಮಾಡುವುದು ಸಾಮಾನ್ಯ. ಕ್ಲೇಮ್ ಕರೆ ತಡೆಯಲು ಹೋಗಿ ಸ್ಕ್ಯಾನಿನ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುವುದು ಬೇಡ. ಆಸ್ಪತ್ರೆಯ ಕರೆಗೆ ಕಾಯುತ್ತಿರುವ ದಿನಗಳಲ್ಲಿ ಅದನ್ನು ಆಫ್ ಮಾಡಿಡಿ.

‘ಪಟ್ಟಿಯಿಂದ ತೆಗೆಯಲು 9 ಒತ್ತಿ’ ಅಂತ ರೆಕಾರ್ಡಿಂಗ್ ಬರುತ್ತೆ. ಒತ್ತಲಾ?

ಒತ್ತಬೇಡಿ. ಯಾವ ಅಂಕೆ ಒತ್ತಿದರೂ ‘ಈ ನಂಬರ್ ಜೀವಂತ’ ಎಂದು ಅವರಿಗೆ ತಿಳಿಯುತ್ತದೆ. ಅಪರಿಚಿತ ಎಸ್ಸೆಮ್ಮೆಸ್ಸಿಗೆ ‘ಸ್ಟಾಪ್’ ಎಂದು ಉತ್ತರಿಸುವುದೂ ಹಾಗೆಯೇ. ಆ ಸಂದೇಶವನ್ನು 7726ಕ್ಕೆ ಫಾರ್ವರ್ಡ್ ಮಾಡಿ. ಕೀಪ್ಯಾಡಿನಲ್ಲಿ ‘ಸ್ಪ್ಯಾಮ್’ ಎಂಬ ಪದದ ಅಕ್ಷರಗಳಿರುವ ಅಂಕೆಗಳೇ ಅವು. ಹಣ ಹೋಗುವುದಿಲ್ಲ. ಕರೆಯಾದರೆ ‘ಕಾಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಮುಂದೆ ಆ ನಂಬರ್ ಸೇರಿಸಿ ಅದೇ 7726ಕ್ಕೆ ಕಳಿಸಬಹುದು.

ದೂರು ಎಲ್ಲಿ ಕೊಡಬೇಕು? ಕೊಟ್ಟರೆ ಏನಾದರೂ ಆಗುತ್ತಾ?

ಐಸಿಒಗೆ. ಅವರ ತಾಣದಲ್ಲಿ ಬೇಡದ ಕರೆಗಳಿಗೆಂದೇ ಫಾರಂ ಇದೆ, ಫೋನ್ 0303 123 1113. ಕರೆ ಬಂದ ದಿನ, ಹೊತ್ತು, ಪರದೆಯಲ್ಲಿ ಕಂಡ ನಂಬರ್, ಕರೆ ಬಂದ ನಿಮ್ಮ ನಂಬರ್, ಮಾತಾಡಿದ್ದು ಮನುಷ್ಯರೋ ರೆಕಾರ್ಡಿಂಗೋ, ಹೇಳಿದ ಕಂಪನಿಯ ಹೆಸರು, ಏನನ್ನು ಮಾರಲು ಬಂದರು, ಇವಿಷ್ಟು ಬೇಕು. ಫೋನಿನ ಕಾಲ್ ಲಾಗಿನ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ.

ಒಬ್ಬೊಬ್ಬರ ದೂರಿಗೂ ಅವರು ಪತ್ರ ಬರೆಯುವುದಿಲ್ಲ, ನಿಮಗೆ ಪರಿಹಾರ ಕೊಡಿಸುವುದೂ ಇಲ್ಲ. ದೂರುಗಳು ಒಟ್ಟುಗೂಡಿದಾಗ ಒಂದೇ ಕಂಪನಿಯ ಹೆಜ್ಜೆ ಕಾಣತೊಡಗುತ್ತದೆ. ತನಿಖೆ ಶುರುವಾಗುವುದು ಹಾಗೆ. 2017ರ ಮೇ ತಿಂಗಳಲ್ಲಿ ಸುಮಾರು 10 ಕೋಟಿ ರೆಕಾರ್ಡ್ ಕರೆ ಮಾಡಿದ್ದ ಒಂದು ಕಂಪನಿಗೆ 4 ಲಕ್ಷ ಪೌಂಡ್ ದಂಡ ಬಿತ್ತು. ಅವುಗಳಲ್ಲಿ ರಸ್ತೆ ಅಪಘಾತದ ಕ್ಲೇಮ್ ಕರೆಗಳೂ ಇದ್ದವು. ಆದರೆ ಆ ಹೊತ್ತಿಗೆ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿತ್ತು. ಇಂಥ ಜಾರಿಕೆಗಳಿಂದಾಗಿಯೇ 2018ರ ಡಿಸೆಂಬರ್ 17ರಿಂದ ನಿರ್ದೇಶಕರ ಮೇಲೂ ವೈಯಕ್ತಿಕವಾಗಿ 5 ಲಕ್ಷ ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಬಂತು.

ಕರೆಯಲ್ಲಿ ಹಣವನ್ನೋ ಬ್ಯಾಂಕ್ ವಿವರವನ್ನೋ ಕೇಳಿದ್ದರೆ ಅದು ಕಿರಿಕಿರಿಯಲ್ಲ, ವಂಚನೆ. ವಂಚನೆಯ ದೂರು ಪಡೆಯುವ ರಾಷ್ಟ್ರೀಯ ಸೇವೆಯ 0300 123 2040ಕ್ಕೆ ದೂರು ಕೊಡಿ, ಸ್ಕಾಟ್ಲೆಂಡಿನಲ್ಲಿ ಪೊಲೀಸರ 101ಕ್ಕೆ. ವಿವರ ಕೊಟ್ಟೇಬಿಟ್ಟಿದ್ದರೆ ಎಲ್ಲಕ್ಕಿಂತ ಮೊದಲು 159ಕ್ಕೆ ಮಾಡಿ. ಆ ವ್ಯವಸ್ಥೆಯಲ್ಲಿ ಸೇರಿರುವ ಬ್ಯಾಂಕುಗಳಿಗೆ ನಿಮ್ಮನ್ನು ನೇರ ಜೋಡಿಸುತ್ತಾರೆ.

## ನೋವು ನಿಜವಾಗಿದ್ದರೆ

ಮೊದಲ ದಿನ ಏನೂ ಇರಲಿಲ್ಲ, ಮಾರನೆಯ ದಿನದಿಂದ ಕತ್ತು ತಿರುಗಿಸಲು ಆಗ್ತಿಲ್ಲ. ಆ ಫೋನ್ ಮಾಡಿದವರಿಗೇ ಹೇಳಲಾ?

ಬೇಡ. ವಿಪ್‌ಲ್ಯಾಶ್ ನೋವು ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳುವುದು ಸಹಜ, ನಿಮ್ಮ ನೋವನ್ನು ಯಾರೂ ಅನುಮಾನಿಸಬೇಕಿಲ್ಲ. ಹೆಚ್ಚಿನವರಿಗೆ 2–3 ತಿಂಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಕತ್ತನ್ನು ಅಲ್ಲಾಡಿಸದೆ ಇಡುವುದಕ್ಕಿಂತ ಮೆಲ್ಲಗೆ ಆಡಿಸುತ್ತಿರುವುದು ಒಳ್ಳೆಯದು. ಕಾಲರ್ ಕಟ್ಟಿಕೊಳ್ಳುವುದು ಬೇಡ. ತೋಳು, ಕಾಲು ಜುಮ್ಮೆಂದರೆ, ಬಲ ಕುಂದಿದರೆ, ನಡೆಯುವುದು ತೊಡಕಾದರೆ, ನೋವು ವಿಪರೀತವಾದರೆ ಕ್ಲೇಮಿನ ಯೋಚನೆ ಬದಿಗಿಟ್ಟು ತಕ್ಷಣ ವೈದ್ಯರನ್ನು ಕಾಣಿ.

ಪರಿಹಾರ ಕೇಳುವುದು ನಿಮ್ಮ ಹಕ್ಕು. ಕಿರಿಕಿರಿ ಕರೆಗಳು ಬಂದವೆಂದು ನಿಜವಾಗಿ ನೊಂದವರು ನಾಚಿ ಸುಮ್ಮನಾಗಬಾರದು. ಆದರೆ ದಾರಿ ನೀವೇ ಆರಿಸಿದ್ದಾಗಿರಲಿ. 2021ರ ಮೇ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ‘ಅಫಿಷಿಯಲ್ ಇಂಜುರಿ ಕ್ಲೇಮ್’ ಎಂಬ ಜಾಲತಾಣವಿದೆ. ಗಾಯದ ಬೆಲೆ 5,000 ಪೌಂಡ್, ಒಟ್ಟು ಕ್ಲೇಮು 10,000 ಪೌಂಡ್ ಮೀರದಿದ್ದರೆ ವಕೀಲರಿಲ್ಲದೆ ನೀವೇ ಉಚಿತವಾಗಿ ಅರ್ಜಿ ಹಾಕಬಹುದು. ಎದುರಿನ ಕಾರಿನ ನಂಬರ್, ಅಪಘಾತದ ದಿನ ಮತ್ತು ಜಾಗ, ಗಾಯದ ವಿವರ ಬೇಕು. ಎದುರಿನ ವಿಮಾ ಕಂಪನಿ 30 ಕೆಲಸದ ದಿನಗಳೊಳಗೆ ತಪ್ಪು ಯಾರದೆಂದು ಉತ್ತರಿಸಬೇಕು. ಆಮೇಲೆ ವೈದ್ಯಕೀಯ ವರದಿ, ಅದಾದ ಮೇಲೆ ಹಣದ ಮಾತು.

ವಕೀಲರು ಬೇಕೆನಿಸಿದರೆ ಮೊದಲು ನಿಮ್ಮ ಪಾಲಿಸಿಯಲ್ಲಿ ಕಾನೂನು ವೆಚ್ಚದ ರಕ್ಷಣೆ ಇದೆಯೇ ನೋಡಿ. ಎಷ್ಟೋ ಜನ ಅದಕ್ಕೆಂದು ವರ್ಷವರ್ಷವೂ ಹಣ ಕಟ್ಟಿ ಮರೆತಿರುತ್ತಾರೆ. ಅದಿಲ್ಲದೆ ಸಣ್ಣ ಕ್ಲೇಮಿಗೆ ವಕೀಲರನ್ನು ಹಿಡಿದರೆ ಅವರ ಶುಲ್ಕ ಎದುರಿನವರಿಂದ ಬರುವುದಿಲ್ಲ, ನಿಮ್ಮ ಪರಿಹಾರದಿಂದಲೇ ಹೋಗುತ್ತದೆ.

‘ಮೂರು ಸಾವಿರ ಪೌಂಡ್ ಗ್ಯಾರಂಟಿ’ ಅಂತಾರೆ. ನಿಜವಾಗಿ ಎಷ್ಟು ಸಿಗುತ್ತೆ?

ವಿಪ್‌ಲ್ಯಾಶಿಗೆ ಕಾನೂನೇ ದರಪಟ್ಟಿ ಕಟ್ಟಿದೆ, ನೋವು ಎಷ್ಟು ಕಾಲ ಇತ್ತು ಎಂಬುದರ ಮೇಲೆ. 2021ರಲ್ಲಿ ನಿಗದಿಯಾದಂತೆ 3 ತಿಂಗಳವರೆಗಿನ ನೋವಿಗೆ 240 ಪೌಂಡ್, 3ರಿಂದ 6 ತಿಂಗಳಿಗೆ 495, 6ರಿಂದ 9ಕ್ಕೆ 840, 9ರಿಂದ 12ಕ್ಕೆ 1,320. ಮೂರು ಸಾವಿರ ಮುಟ್ಟಬೇಕಾದರೆ 15ರಿಂದ 18 ತಿಂಗಳು ನೋವು ಇರಬೇಕಿತ್ತು. ಆ ಸಾಲಿನ ದರ 3,005. 2025ರ ಮೇ 31ರಿಂದ ಈಚೆಗಿನ ಅಪಘಾತಗಳಿಗೆ ಈ ದರಗಳು ಸುಮಾರು ಶೇ. 15ರಷ್ಟು ಏರಿವೆ. ಮೊದಲ ಸಾಲು ಈಗ 275 ಪೌಂಡ್. ಔಷಧಿ, ತಪ್ಪಿದ ಸಂಬಳದಂಥ ಖರ್ಚು ಇದಕ್ಕೆ ಹೊರತು, ರಸೀದಿ ಇಟ್ಟುಕೊಂಡಿರಬೇಕು.

ವೈದ್ಯಕೀಯ ವರದಿ ಇಲ್ಲದೆ ವಿಪ್‌ಲ್ಯಾಶ್ ಕ್ಲೇಮನ್ನು ಹಣ ಕೊಟ್ಟು ಮುಗಿಸುವುದೇ ನಿಷಿದ್ಧ. ಅಂದಮೇಲೆ ವೈದ್ಯರು ನಿಮ್ಮನ್ನು ನೋಡುವ ಮೊದಲೇ ಫೋನಿನಲ್ಲಿ ಮೊತ್ತ ಹೇಳಿದವರ ಮಾತಿಗೆ ಯಾವ ಬೆಲೆಯೂ ಇಲ್ಲ.

‘ಸ್ವಲ್ಪ ನೋವಿದೆ ಅಂತ ಹೇಳಿ ಸಾಕು, ಇಲ್ಲಿ ಎಲ್ಲರೂ ಮಾಡ್ತಾರೆ’ ಅಂತ ಫೋನಿನವರೂ ಹೇಳಿದರು, ಸ್ನೇಹಿತರೂ ಹೇಳಿದರು. ತಪ್ಪಾ?

ತಪ್ಪು, ಅಪರಾಧ ಕೂಡ. ಇಲ್ಲದ ನೋವಿಗೆ ಹಣ ಕೇಳುವುದು 2006ರ ವಂಚನೆ ಕಾಯ್ದೆಗೆ ಬರುತ್ತದೆ. ಗರಿಷ್ಠ ಶಿಕ್ಷೆ 10 ವರ್ಷ ಜೈಲು. 2015ರ ಕಾಯ್ದೆಯೊಂದು ಇನ್ನೂ ಹತ್ತಿರದಿಂದ ಕಚ್ಚುತ್ತದೆ. ನೋವು ನಿಜವೇ ಆಗಿದ್ದರೂ ಅದರ ಜೊತೆ ಬುಡಮಟ್ಟದ ಸುಳ್ಳು ಬೆರೆಸಿದ್ದೀರಿ ಎಂದು ಕಂಡುಬಂದರೆ ನ್ಯಾಯಾಲಯ ಇಡೀ ಕ್ಲೇಮನ್ನೇ ತಳ್ಳಿಹಾಕಬಹುದು. ಎದುರಿನವರ ಖರ್ಚೂ ನಿಮ್ಮ ತಲೆಗೆ ಬರಬಹುದು.

ವಿದ್ಯಾರ್ಥಿ ವೀಸಾ, ಕೆಲಸದ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಬೇಕು. ಮುಂದಿನ ವೀಸಾ, ಶಾಶ್ವತ ವಾಸ, ಪೌರತ್ವ, ಎಲ್ಲ ಅರ್ಜಿಯಲ್ಲೂ ಅಪರಾಧದ ದಾಖಲೆ ಕೇಳುತ್ತಾರೆ. 275 ಪೌಂಡಿಗೆ ಅದನ್ನು ಒತ್ತೆಯಿಡಬೇಡಿ. ಹಾಗೆ ಹೇಳಿಕೊಟ್ಟ ಫೋನಿನವರು ಆ ದಿನ ನಿಮ್ಮ ಪಕ್ಕ ನಿಲ್ಲುವುದಿಲ್ಲ. ಅರ್ಜಿಯ ಕೆಳಗಿನ ಸತ್ಯವಚನಕ್ಕೆ ಸಹಿ ನಿಮ್ಮದು.

ಆಗಲೇ ಮೊಬೈಲಿನಲ್ಲಿ ಬಂದ ಲಿಂಕ್ ತೆರೆದು ಸಹಿ ಹಾಕಿಬಿಟ್ಟೆ. ಹಿಂತೆಗೆಯಬಹುದಾ?

14 ದಿನದೊಳಗಾದರೆ ಸಾಮಾನ್ಯವಾಗಿ ಹೌದು. ಫೋನಿನಲ್ಲಿ ಹೇಳಿದರೆ ಸಾಲದು, ಇಮೇಲ್ ಮಾಡಿ: ‘ಇಂಥ ದಿನ ಮಾಡಿದ ಒಪ್ಪಂದವನ್ನು ರದ್ದು ಮಾಡುತ್ತಿದ್ದೇನೆ. ನನ್ನ ಹೆಸರಿನಲ್ಲಿ ಯಾರೊಂದಿಗೂ ವ್ಯವಹರಿಸಬೇಡಿ.’ ತಲುಪಿತೆಂದು ಉತ್ತರ ಕೇಳಿ. ಅದೇ ದಿನ ನಿಮ್ಮ ವಿಮಾ ಕಂಪನಿಗೂ ತಿಳಿಸಿ. ನಿಮಗೆ ಗೊತ್ತಿಲ್ಲದೆ ನಿಮ್ಮ ಹೆಸರಿನಲ್ಲಿ ಗಾಯದ ಕ್ಲೇಮ್ ಹೊರಟಿದ್ದರೆ ಗೊತ್ತಾಗಲಿ. 14 ದಿನ ದಾಟಿದ್ದರೂ ಬಿಡಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗಿನ ಕೆಲಸಕ್ಕೆ ಶುಲ್ಕ ಕೇಳಬಹುದು. ಒಪ್ಪಂದದ ಪ್ರತಿ ತರಿಸಿಕೊಂಡು ರದ್ದತಿಯ ಷರತ್ತು ಓದಿ.

ಕ್ಲೇಮ್ ಕಂಪನಿಗಳು 2019ರ ಏಪ್ರಿಲ್ 1ರಿಂದ ಎಫ್‌ಸಿಎ ಎಂಬ ಹಣಕಾಸು ನಿಯಂತ್ರಕರ ಅಡಿಯಲ್ಲಿವೆ. ಹೆಸರು ಅವರ ರಿಜಿಸ್ಟರಿನಲ್ಲಿ ಇಲ್ಲದಿದ್ದರೆ, ವಕೀಲರ ನಿಯಂತ್ರಕರ ಪಟ್ಟಿಯಲ್ಲೂ ಇಲ್ಲದಿದ್ದರೆ, ಎಫ್‌ಸಿಎಗೇ ದೂರು ಕೊಡಿ.

## ತೊಡಕಿನವು

‘ನಿಮ್ಮ ಕಾರು ರಿಪೇರಿ ಆಗುವ ತನಕ ಉಚಿತವಾಗಿ ಒಳ್ಳೆಯ ಕಾರು ಕೊಡ್ತೀವಿ’ ಅಂದರು. ತಗೊಳ್ಳಲಾ?

ಬಹಳ ಜನ ಸಿಕ್ಕಿಬೀಳುವುದು ಇಲ್ಲಿ. ಅದು ಉಚಿತವಲ್ಲ, ಸಾಲದ ಬಾಡಿಗೆ. ನೀವು ಸಹಿ ಹಾಕುವ ಕಾಗದದಲ್ಲಿ ಬಾಡಿಗೆ ಕಟ್ಟಬೇಕಾದವರು ನೀವೇ. ಎದುರಿನವರ ವಿಮಾ ಕಂಪನಿಯಿಂದ ಅದನ್ನು ವಸೂಲಿ ಮಾಡುತ್ತೇವೆಂದು ಬಾಡಿಗೆಯವರು ಹೇಳಿರುತ್ತಾರೆ, ಅಷ್ಟೇ. ದಿನದ ದರ ಮಾಮೂಲಿ ಬಾಡಿಗೆಗಿಂತ ಬಹಳ ಹೆಚ್ಚಿರುತ್ತದೆ. ತಪ್ಪು ನಿಮ್ಮದೂ ಇತ್ತೆಂದು ತೀರ್ಮಾನವಾದರೆ, ಬದಲಿ ಕಾರು ನಿಮಗೆ ಬೇಕಿರಲಿಲ್ಲ ಎಂದಾದರೆ, ಅಥವಾ ಎದುರಿನ ಕಂಪನಿ ಮೊದಲೇ ಕಡಿಮೆ ದರದ ಕಾರು ಕೊಡಲು ಬಂದಿದ್ದನ್ನು ಕಾರಣವಿಲ್ಲದೆ ಬಿಟ್ಟಿದ್ದರೆ, ಪೂರ್ತಿ ಹಣ ಬರುವುದಿಲ್ಲ. ಉಳಿದದ್ದು ನಿಮ್ಮ ಮೇಲೆ ಬರಬಹುದು. ವಿವಾದ ನ್ಯಾಯಾಲಯಕ್ಕೆ ಹೋದರೆ ಸಾಕ್ಷಿ ಹೇಳಬೇಕಾದವರೂ ನೀವೇ.

ಮನೆಯಲ್ಲಿ ಇನ್ನೊಂದು ಕಾರಿದ್ದರೆ, ನಿಮ್ಮ ಪಾಲಿಸಿಯಲ್ಲೇ ಬದಲಿ ಕಾರು ಇದ್ದರೆ, ಇದರ ಗೊಡವೆಯೇ ಬೇಡ. ಕಾರು ಓಡುವ ಸ್ಥಿತಿಯಲ್ಲಿದ್ದರೆ ರಿಪೇರಿಯ ದಿನ ಬರುವ ತನಕ ಅದನ್ನೇ ಓಡಿಸಿ. ಕಾರು ಎಳೆದೊಯ್ಯಲು ರಸ್ತೆಬದಿಗೆ ಕರೆಯದೆ ಬಂದ ಟ್ರಕ್ಕಿನವರಿಗೂ ಇದೇ ಉತ್ತರ. ಅವರ ಯಾರ್ಡಿನಲ್ಲಿ ಕಾರು ನಿಂತಷ್ಟು ದಿನವೂ ಬಾಡಿಗೆ ಏರುತ್ತದೆ. ನಿಮ್ಮ ವಿಮಾ ಕಂಪನಿಯ ನಂಬರಿಗೆ ಮಾಡಿ ಅವರ ಟ್ರಕ್ಕನ್ನೇ ತರಿಸಿ.

ಕರೆ ಮಾಡಿದವರು ನನ್ನ ಕಾರಿನ ನಂಬರ್, ಎದುರಿನವರ ಹೆಸರು ಎಲ್ಲ ಸರಿಯಾಗಿ ಹೇಳಿದರು. ಸೋರಿದ್ದು ಎಲ್ಲಿಂದ ಅಂತ ಕಂಡುಹಿಡಿಯಬಹುದಾ?

ಪ್ರಯತ್ನಿಸಬಹುದು, ಕಾನೂನು ನಿಮ್ಮ ಕಡೆಗಿದೆ. ಅಪಘಾತದ ನಂತರ ನಿಮ್ಮ ವಿವರ ಯಾರ ಯಾರ ಕೈಗೆ ಹೋಯಿತೆಂದು ಪಟ್ಟಿ ಮಾಡಿ: ವಿಮಾ ಕಂಪನಿ, ಟ್ರಕ್ಕಿನವರು, ಗ್ಯಾರೇಜು, ಬಾಡಿಗೆ ಕಾರು. ನಿಮ್ಮ ಹಳೆಯ ನಂಬರ್ ಅಥವಾ ತಪ್ಪು ಸ್ಪೆಲಿಂಗಿನ ಹೆಸರು ಒಬ್ಬರ ದಾಖಲೆಯಲ್ಲಿ ಮಾತ್ರ ಇದ್ದು, ಕರೆಯಲ್ಲೂ ಅದೇ ಬಂದರೆ ಬಹುತೇಕ ಉತ್ತರ ಸಿಕ್ಕಂತೆ.

ಪ್ರತಿಯೊಬ್ಬರಿಗೂ, ಕರೆ ಮಾಡಿದ ಕಂಪನಿಯ ಹೆಸರು ಸಿಕ್ಕಿದ್ದರೆ ಅವರಿಗೂ, ಇಮೇಲ್ ಮಾಡಿ: ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ಮಾಹಿತಿಯ ಪ್ರತಿ ಕೊಡಿ, ಅದು ಎಲ್ಲಿಂದ ಬಂತು, ಯಾರಿಗೆ ಕೊಟ್ಟಿರಿ ತಿಳಿಸಿ, ಮಾರಾಟಕ್ಕೆ ನನ್ನ ಮಾಹಿತಿ ಬಳಸುವುದನ್ನು ನಿಲ್ಲಿಸಿ. ಒಂದು ತಿಂಗಳೊಳಗೆ ಉತ್ತರಿಸಬೇಕು, ಸಾಮಾನ್ಯವಾಗಿ ಶುಲ್ಕವಿಲ್ಲ. ಉತ್ತರ ಬಾರದಿದ್ದರೆ ಇಮೇಲಿನ ಪ್ರತಿಯೊಂದಿಗೆ ಐಸಿಒಗೆ ಹೋಗಿ. ಅನುಮತಿಯಿಲ್ಲದೆ ಮಾಹಿತಿ ಕದಿಯುವುದು 2018ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಪರಾಧ.

ಮುಂದಿನ ಸಲಕ್ಕೆ ಒಂದು ಮಾತು. ಅಪಘಾತ ತಿಳಿಸಲು ವಿಮಾ ಕಂಪನಿಗೆ ಮಾಡುವ ಮೊದಲ ಫೋನಿನಲ್ಲೇ ‘ಗಾಯವಿಲ್ಲ, ನನ್ನ ವಿವರವನ್ನು ಯಾವ ವಕೀಲರಿಗೂ ಬಾಡಿಗೆ ಕಾರಿನವರಿಗೂ ನನ್ನನ್ನು ಕೇಳದೆ ಕೊಡಬೇಡಿ’ ಎಂದು ಹೇಳಿ, ದಾಖಲಿಸಲು ಕೇಳಿ. ಕೆಲವು ಕರೆಗಳು ಬರುವುದು ಕಳ್ಳದಾರಿಯಿಂದಲ್ಲ, ಪಾಲಿಸಿಯ ಷರತ್ತಿನ ದಾರಿಯಿಂದಲೇ.

ಎದುರಿನ ಕಾರಿನಲ್ಲಿ ಒಬ್ಬರೇ ಇದ್ದರು. ಈಗ ಮೂರು ಜನರಿಗೆ ಕತ್ತು ನೋವು ಅಂತ ಪತ್ರ ಬಂದಿದೆ!

ಪತ್ರಕ್ಕೆ ನೀವು ಉತ್ತರಿಸಬೇಡಿ, ತಪ್ಪೊಪ್ಪಿಕೊಳ್ಳುವ ಮಾತೂ ಬೇಡ. ಬಂದ ದಿನವೇ ವಿಮಾ ಕಂಪನಿಗೆ ಕಳಿಸಿ. ಡಿಕ್ಕಿ ತೀರ ಮೆಲ್ಲಗಿತ್ತು, ಗಾಯವಾಗುವಂತೆಯೇ ಇರಲಿಲ್ಲ ಎಂದು ವಾದಿಸುವುದಾದರೆ ಕ್ಲೇಮಿನ ಪತ್ರ ಬಂದ 3 ತಿಂಗಳೊಳಗೆ ಎದುರು ಪಕ್ಷಕ್ಕೆ ತಿಳಿಸಬೇಕೆಂದು 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಪತ್ರ ಡ್ರಾಯರಿನಲ್ಲಿ ಕೂತರೆ ಆ ವಾದವೇ ಕೈತಪ್ಪಬಹುದು.

ಸಾಕ್ಷ್ಯ ಹುಟ್ಟುವುದು ರಸ್ತೆಯಲ್ಲೇ. ಎರಡೂ ಕಾರಿನ ಪೂರ್ತಿ ಫೋಟೊ, ಹತ್ತಿರದ ಫೋಟೊ, ಎದುರಿನ ಕಾರಿನ ಒಳಗೆ ಎಷ್ಟು ಜನ ಎಂಬುದು ಕಾಣುವ ಒಂದು ಫೋಟೊ ತೆಗೆಯಿರಿ. ಎಲ್ಲರೂ ಎದ್ದು ಓಡಾಡುತ್ತಿದ್ದರೇ, ಸಾಕ್ಷಿಗಳು ಯಾರು ಎಂದು ಅಲ್ಲೇ ಬರೆದುಕೊಳ್ಳಿ. ಡ್ಯಾಶ್‌ಕ್ಯಾಮ್ ಕಾರ್ಡನ್ನು ಅಂದೇ ಹೊರತೆಗೆದು ನಕಲು ಮಾಡಿ, ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯ ಅಳಿಸಿ ಹೊಸದು ಅದರ ಮೇಲೆ ಬಂದುಬಿಡುತ್ತದೆ. ಗುದ್ದೇ ಬೇಕೆಂದು ಮಾಡಿಸಿದ್ದೆನಿಸಿದರೆ, ಅಂದರೆ ಖಾಲಿ ರಸ್ತೆಯಲ್ಲಿ ಕಾರಣವಿಲ್ಲದೆ ಬ್ರೇಕ್ ಹಾಕಿದ್ದರೆ ಅಥವಾ ಎದುರಿನವರು ವಿವರಗಳ ಚೀಟಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ, ಇನ್ಶೂರೆನ್ಸ್ ಫ್ರಾಡ್ ಬ್ಯೂರೋದ ಚೀಟ್‌ಲೈನ್ 0800 422 0421ಕ್ಕೆ ತಿಳಿಸಿ.

ವಿಮಾ ಕಂಪನಿಗೆ ಹೇಳಲೇ ಇಲ್ಲ. ನಾವಿಬ್ಬರೇ ಮಾತಾಡಿ ಮುಗಿಸಿಕೊಂಡೆವು. ಈಗ ಈ ಕರೆಗಳು ಬರ್ತಿವೆ, ಭಯ ಆಗ್ತಿದೆ.

ಈಗಲೇ ಹೇಳಿ. ಕ್ಲೇಮ್ ಮಾಡದಿದ್ದರೂ ಅಪಘಾತವನ್ನು ತಿಳಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಎಲ್ಲ ಪಾಲಿಸಿಗಳಲ್ಲೂ ಇರುತ್ತದೆ. ‘ತಿಳಿಸುವುದಕ್ಕಷ್ಟೇ, ಕ್ಲೇಮ್ ಇಲ್ಲ’ ಎಂದು ಹೇಳಿ ಬರೆಸಿ. ಮುಂದಿನ ವರ್ಷದ ಕಂತು ಸ್ವಲ್ಪ ಏರಬಹುದು. ಆದರೆ ಎದುರಿನವರು ಆರು ತಿಂಗಳ ಮೇಲೆ ಗಾಯದ ಕ್ಲೇಮ್ ಹಾಕಿ, ನಿಮ್ಮ ಕಂಪನಿಗೆ ಆಗ ಮೊದಲ ಸಲ ಗೊತ್ತಾದರೆ ಆಗುವ ತೊಂದರೆ ಅದಕ್ಕಿಂತ ದೊಡ್ಡದು.

ನಾವು ಗ್ಲಾಸ್ಗೋದಲ್ಲಿದ್ದೇವೆ. ಇದೆಲ್ಲ ಇಲ್ಲಿಗೂ ಅನ್ವಯವಾ?

ಕರೆಗಳ ನಿಷೇಧ, ಐಸಿಒ, ಟಿಪಿಎಸ್, 7726 ನಿಮಗೂ ಉಂಟು. ಕ್ಲೇಮ್ ಕಂಪನಿಗಳ ಮೇಲಿನ ಎಫ್‌ಸಿಎ ನಿಯಂತ್ರಣವೂ ಉಂಟು. ವಿಪ್‌ಲ್ಯಾಶ್ ದರಪಟ್ಟಿ ಮತ್ತು ಅಫಿಷಿಯಲ್ ಇಂಜುರಿ ಕ್ಲೇಮ್ ತಾಣ ಮಾತ್ರ ಇಂಗ್ಲೆಂಡ್–ವೇಲ್ಸಿಗೆ ಸೀಮಿತ. ಗಾಯವಾಗಿದ್ದರೆ ಸ್ಕಾಟ್ಲೆಂಡಿನ ಸಾಲಿಸಿಟರನ್ನೇ ನೀವಾಗಿ ಹುಡುಕಿ ಕೇಳಿ. ವಯಸ್ಕರಿಗೆ 3 ವರ್ಷದ ಗಡುವು ಅಲ್ಲೂ ಇದೆ.

ಮೈಸೂರಿನಲ್ಲಿರುವ ಅಪ್ಪನಿಗೆ ‘ನಿಮ್ಮ ಮಗ ಲಂಡನ್ನಿನಲ್ಲಿ ಅಪಘಾತ ಮಾಡಿದ್ದಾನೆ, ಕೇಸು ಮುಗಿಸಲು ಹಣ ಕಳಿಸಿ’ ಅಂತ ಫೋನ್ ಬಂತಂತೆ. ಇದೂ ಅದೇನಾ?

ಅಲ್ಲ, ಇದು ನೇರ ವಂಚನೆ. ಇಲ್ಲಿನ ಪೊಲೀಸರಾಗಲಿ ವಿಮಾ ಕಂಪನಿಯಾಗಲಿ ಊರಿನ ಹೆತ್ತವರಿಗೆ ಫೋನ್ ಮಾಡಿ ಹಣ ಕೇಳುವುದಿಲ್ಲ. ಅಪ್ಪ ಫೋನ್ ಇಟ್ಟು, ನಿಮಗೆ ನೇರವಾಗಿ ಮಾಡಲಿ. ಹಣ ಹೋಗಿದ್ದರೆ ಗಂಟೆ ಕಳೆಯಲು ಬಿಡದೆ ಭಾರತದ ಸೈಬರ್ ಸಹಾಯವಾಣಿ 1930ಕ್ಕೆ, ಜೊತೆಗೆ ಅವರ ಬ್ಯಾಂಕಿಗೆ ತಿಳಿಸಲಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.